ಕೋವಿಯದ್ದೇನೂ ತಪ್ಪಿಲ್ಲ

ದೇಚಮ್ಮನವರೇ, ನಿಮ್ಮ ತಂದೆಯ ಕೋವಿಗೆ ಯಾವ ತೋಟೆ ಹೊಂದುತ್ತದೆಂದು ನಾನು ಲೆಕ್ಕ ಹಾಕಿ ಆರಿಸಿದೆ ಎಂದು ನೀವು ಇವತ್ತಿಗೂ ನಂಬಿದ್ದೀರಿ. ಅದು ಸುಳ್ಳು. ನಾನು ಆರಿಸಲಿಲ್ಲ. ನಳಿಗೆಯನ್ನು ತಪ್ಪಾಗಿ ಕೊರೆದೆ. ಆಮೇಲೆ ಆ ತಪ್ಪಿಗೆ ಹೊಂದುವ ತೋಟೆಯೇ ಒಳ್ಳೆಯದೆಂದು ಅವರನ್ನು ಒಪ್ಪಿಸಿದೆ. ಅಷ್ಟೇ ನಡೆದದ್ದು. 

ಹೋದ ಭಾನುವಾರ ನೀವು ಫೋನು ಮಾಡಿದಿರಿ. "ಗ್ಯಾರೇಜು ಕ್ಲೀನ್ ಮಾಡ್ತಾ ಇದ್ದೀನಿ ನಂಜುಂಡ ಅವ್ರೇ. ಅಪ್ಪನ ಕೋವಿ ನೀವೇ ಇಟ್ಕೊಂಡ್ಬಿಡಿ, ನೀವೇ ಮಾಡಿದ್ದಲ್ವಾ. ಪಾಪ, ಅವರಿಗೂ ಕೊನೆಗೆ ಗುರಿಯ ಕೈ ಹೋಯ್ತು" ಎಂದಿರಿ. ನಾನು "ಆಯ್ತು, ನೋಡೋಣ" ಎಂದು ಫೋನು ಇಟ್ಟೆ. ಕೈ ಹೋಯ್ತು — ಆ ಮಾತು ಮೊದಲು ಹುಟ್ಟಿದ್ದು ಹೇಗೆಂದು ನನ್ನೊಬ್ಬನಿಗೇ ಗೊತ್ತು.

ಎಂಬತ್ತರ ದಶಕದ ನಡುಭಾಗ. ನೀವಾಗ ಅಮೆರಿಕಕ್ಕೆ ಬಂದು ಆಸ್ಪತ್ರೆಯಲ್ಲಿ ಹೊಸದಾಗಿ ಡಾಕ್ಟರಾಗಿದ್ದಿರಿ. ನಿಮ್ಮ ತಂದೆ ಅಚ್ಚಯ್ಯನವರು ಸೇನೆಯಿಂದ ಸುಬೇದಾರರಾಗಿ ನಿವೃತ್ತರಾಗಿ, ಎವರ್‌ಗ್ರೀನಿನ ನಿಮ್ಮ ಮನೆಗೆ ಬಂದಿದ್ದರು. ನಾನು ಮೌಂಟನ್ ವ್ಯೂನ ಒಂದು ಮಶೀನ್ ಶಾಪಿನಲ್ಲಿ ಕೆಲಸಕ್ಕಿದ್ದೆ. ನನ್ನ ಮಾಲೀಕನಿಗೆ ದೂರದ ಗುರಿಯ ರೈಫಲ್ಲುಗಳನ್ನು ಕಟ್ಟುವ ಹುಚ್ಚು. ಶನಿವಾರಗಳಲ್ಲಿ ನನಗೂ ಕಲಿಸುತ್ತಿದ್ದ. ನಿಮ್ಮ ತಂದೆಗೆ ಇದು ತಿಳಿದ ದಿನವೇ ಅವರು ನನ್ನ ಅಪಾರ್ಟ್‌ಮೆಂಟಿನ ಬಾಗಿಲಲ್ಲಿ ನಿಂತಿದ್ದರು. ಸಾವಿರ ಗಜದ ಪಂದ್ಯದಲ್ಲಿ ಒಮ್ಮೆ ಹೊಡೆಯಬೇಕು, ಅದೊಂದೇ ಅವರ ಆಸೆ.

ತೋಟೆಯನ್ನು ಅವರೇ ಆರಿಸಿಕೊಂಡು ಬಂದಿದ್ದರು. "ಥರ್ಟಿ-ಆಟ್-ಸಿಕ್ಸ್ ಸಾಕು ನಂಜುಂಡಾ. ಒದೆಯೋ ಕೋವಿ ನನಗೆ ಬೇಡ ಮಾರಾಯ. ಈ ಭುಜ ಲಾರಿಯಿಂದ ಬಿದ್ದು ಮುರಿದು ಕೂಡಿಸಿದ್ದು" ಎಂದು ಬಲಭುಜವನ್ನು ತಟ್ಟಿ ತೋರಿಸಿದರು. ಬಂದೂಕಿನ ವಿಷಯ ತಿಳಿಯದವರಿಗೆ ಇಷ್ಟು ಗೊತ್ತಿದ್ದರೆ ಸಾಕು: ಅವರು ಕೇಳಿದ ತೋಟೆಯಲ್ಲೂ, ದೊಡ್ಡದಾದ ಮ್ಯಾಗ್ನಮ್ ತೋಟೆಯಲ್ಲೂ ಹಾರುವ ಗುಂಡಿನ ದಪ್ಪ ಒಂದೇ. ಮ್ಯಾಗ್ನಮ್‌ನಲ್ಲಿ ಮದ್ದು ಹೆಚ್ಚು. ಗುಂಡು ಜೋರಾಗಿ ಹೋಗುತ್ತದೆ, ಕೋವಿ ಅಷ್ಟೇ ಜೋರಾಗಿ ಹಿಂದಕ್ಕೆ ಒದೆಯುತ್ತದೆ.

ನಳಿಗೆ ಬರಲು ಏಳು ತಿಂಗಳು ಹಿಡಿಯಿತು. ಅದು ಬಂದ ಶನಿವಾರ ಸಂಜೆ ನಾಲ್ಕಕ್ಕೆ ಇಲ್ಲಿನ ಕನ್ನಡ ಸಂಘದ ಯುಗಾದಿ ನಾಟಕದ ರಿಹರ್ಸಲ್ ಇತ್ತು. ನನ್ನದು ಮಂತ್ರಿಯ ಪಾತ್ರ. ಇರುವುದೇ ಎಂಟು ಮಾತು, ಅದೂ ಬಾಯಿಗೆ ಬಂದಿರಲಿಲ್ಲ. ಚೀಟಿಯನ್ನು ಲೇತ್ ಯಂತ್ರದ ದೀಪಕ್ಕೆ ಸಿಕ್ಕಿಸಿ, ಮಾತು ಒಪ್ಪಿಸುತ್ತಾ ತೋಟೆ ಕೂರುವ ಗೂಡನ್ನು ಕೊರೆಯತೊಡಗಿದೆ. ಅದಕ್ಕೂ ಹಿಂದಿನ ಮೂರು ಶನಿವಾರ ಮಾಲೀಕನಿಗಾಗಿ ಮ್ಯಾಗ್ನಮ್ ಗೂಡುಗಳನ್ನೇ ಕೊರೆದಿದ್ದೆ. ಕೈ ತಾನಾಗಿ ಅದೇ ಮರದ ಪೆಟ್ಟಿಗೆಗೆ ಹೋಯಿತು, ಗೂಡು ಕೊರೆಯುವ ಅದೇ ಮ್ಯಾಗ್ನಮ್ ರೀಮರನ್ನು ಎತ್ತಿಕೊಂಡಿತು. ಅವರು ಕೇಳಿದ ತೋಟೆಯ ಅಳತೆಯ ಗೇಜು ಹಾಕಿ ನೋಡಿದಾಗ ಅದು ಒಳಗೆ ಲೊಡಲೊಡ ಅಂದಿತು. ಗೂಡು ಮ್ಯಾಗ್ನಮ್ಮಿನಷ್ಟು ದೊಡ್ಡದಾಗಿತ್ತು.

ಉಪಾಯ ಇರಲಿಲ್ಲವೆಂದಲ್ಲ. ಹಿಂಬದಿಯನ್ನು ಕತ್ತರಿಸಿ ಹೊಸದಾಗಿ ಕೊರೆಯಬಹುದಿತ್ತು. ನಳಿಗೆ ಮೂರಿಂಚು ಗಿಡ್ಡವಾಗುತ್ತಿತ್ತು. ಆದರೆ ಅದಕ್ಕೆ ಮಾಲೀಕನಿಗೂ ನಿಮ್ಮ ತಂದೆಗೂ ಹೇಳಬೇಕಿತ್ತು. ನನ್ನ ಗ್ರೀನ್ ಕಾರ್ಡಿನ ಅರ್ಜಿಗೆ ಸಹಿ ಹಾಕಿದ್ದವನು ಆ ಮಾಲೀಕ. ಇದು ಕಾರಣ, ನೆಪವಲ್ಲ — ಇಲ್ಲ, ನೆಪವೇ. ಅವನು ಬೈದು ಸುಮ್ಮನಾಗುತ್ತಿದ್ದ. ನನಗೆ ಹೇಳಲು ನಾಚಿಕೆಯಾಯಿತು, ಅಷ್ಟೇ.

ರಿಹರ್ಸಲ್‌ಗೆ ಹೋದೆ. ಎಂಟೂ ಮಾತು ತಪ್ಪಿಲ್ಲದೆ ಹೇಳಿದೆ.

ಮಾರನೆಯ ದಿನ ಗ್ರಾಫ್ ಹಾಳೆ, ಕ್ಯಾಲ್ಕುಲೇಟರು ಹಿಡಿದು ಕೂತು, ಸಾವಿರ ಗಜದಲ್ಲಿ ಯಾವ ಗುಂಡು ಗಾಳಿಗೆ ಎಷ್ಟು ವಾಲುತ್ತದೆಂದು ಎರಡು ಗೆರೆ ಎಳೆದೆ. ಮ್ಯಾಗ್ನಮ್ ಕಡಿಮೆ ವಾಲುತ್ತದೆ. ಅದು ನಿಜ. ಒಂದೊಂದು ಅಂಕಿಯೂ ನಿಜವೇ. ಅವರ ಭುಜ ಮಾತ್ರ ಆ ಹಾಳೆಯಲ್ಲಿ ಎಲ್ಲೂ ಇರಲಿಲ್ಲ. ಹಾಳೆಯನ್ನು ನಿಮ್ಮ ಊಟದ ಮೇಜಿನ ಮೇಲೆ ಹರಡಿ ಹೇಳಿದೆ: "ಸಾರ್, ನೀವು ಹೇಳಿದ ತೋಟೆ ಈ ದೂರಕ್ಕೆ ಸಾಲಲ್ಲ. ದೊಡ್ಡದೇ ಬೇಕು. ಲೆಕ್ಕ ಹಾಕಿ ನೋಡಿದ್ದೀನಿ."

ಅವರು ಕನ್ನಡಕ ಹಾಕಿಕೊಂಡು ಗೆರೆಗಳನ್ನು ಬಹಳ ಹೊತ್ತು ನೋಡಿದರು. ಒಮ್ಮೆ ಕೈ ಭುಜದ ಕಡೆ ಹೋಯಿತು. "ನೀನು ಇಂಜಿನಿಯರು. ನೀನು ಹೇಳಿದ ಮೇಲೆ ಮುಗೀತಲ್ಲ" ಎಂದರು. ನೀವು ಕಾಫಿ ತಂದಿಟ್ಟಿರಿ. ನಾನು ಕುಡಿದೆ.

ಕೋವಿ ಚೆನ್ನಾಗಿಯೇ ಆಯಿತು. ಮೊದಮೊದಲು ಅವರೂ ಚೆನ್ನಾಗಿ ಹೊಡೆದರು. ಮೂರನೆಯ ವಾರದಿಂದ ಗುಂಡುಗಳು ಚದುರತೊಡಗಿದವು. ಒಂದು ಸಲ ಅಭ್ಯಾಸದಲ್ಲಿ ತೋಟೆ ತುಂಬಿಲ್ಲವೆಂಬುದನ್ನು ಮರೆತು ಕೋವಿಯ ಕುದುರೆ ಎಳೆದರು. ಟಿಕ್ ಎಂದಿತು, ಅಷ್ಟೇ. ಖಾಲಿ ಕೋವಿ. ಆದರೂ ಅವರ ಭುಜ ಹಿಂದಕ್ಕೆ ಹಾರಿತು, ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡವು. ನಾನು ಪಕ್ಕದಲ್ಲೇ ಇದ್ದೆ. ಏಟು ಬೀಳುವ ಮೊದಲೇ ಮೈ ಹೆದರುತ್ತಿದೆ, ಹೆದರಿಸಿದ್ದು ನಾನು ಕೊರೆದ ಗೂಡು — ಇದು ನನಗೆ ಆ ಕ್ಷಣದಲ್ಲೇ ಗೊತ್ತಾಯಿತು.

ಅವರು ನನ್ನ ಕಡೆ ತಿರುಗಿ ನಕ್ಕರು. "ಕೈ ಹೋಯ್ತು ನಂಜುಂಡಾ. ಕೋವಿಯದ್ದೇನೂ ತಪ್ಪಿಲ್ಲ."

ಅಲ್ಲಿ ಹೇಳಬೇಕಿತ್ತು. ಬಾಯಿ ತೆರೆದೂ ಇದ್ದೆ. "ಇನ್ನೂ ಸ್ವಲ್ಪ ಪ್ರಾಕ್ಟೀಸ್ ಮಾಡಿ ಸಾರ್" ಎಂದೆ.

ಪಂದ್ಯದಲ್ಲಿ ಅವರ ಇಪ್ಪತ್ತು ಗುಂಡುಗಳಲ್ಲಿ ಎಷ್ಟೋ ಗುರಿಯ ಹಲಗೆಗೇ ತಾಗಲಿಲ್ಲ. ವಾಪಸ್ಸು ಬರುವ ಎರಡು ಗಂಟೆಯ ದಾರಿಯಲ್ಲಿ ಅವರು ಫ್ರೀವೇ ಪಕ್ಕದ ಬಾದಾಮಿ ತೋಟಗಳ ಬಗ್ಗೆ ಮಾತಾಡಿದರು. ನನ್ನ ಮೇಲೆ ಒಂದು ಮಾತಿಲ್ಲ. ನನಗೂ ಏನೂ ಅನಿಸಲಿಲ್ಲ. ಅದನ್ನೂ ಹೇಳಿಬಿಡುತ್ತೇನೆ — ಅಂದಿನಿಂದ ಇಂದಿನವರೆಗೆ ಇದನ್ನು ನೆನೆದಾಗಲೆಲ್ಲ ಒಳಗೆ ಒಂದು ಜೋಮು ಹಿಡಿದಂತೆ ಇರುತ್ತದೆಯೇ ಹೊರತು ಅಳು ಬಂದಿಲ್ಲ.

ಆ ಸೆಪ್ಟೆಂಬರಿನ ಕೈಲ್ ಮುಹೂರ್ತ, ನಿಮ್ಮ ಕೊಡಗಿನ ಆಯುಧಪೂಜೆಯ ಹಬ್ಬ, ನಿಮಗೆ ನೆನಪಿರಬೇಕು. ಕೋವಿಗೆ ಇಡುವ ಊರಿನ ತೋಕ್ ಪೂ ಹೂವು ಇಲ್ಲಿ ಎಲ್ಲಿ ಸಿಗಬೇಕು — ಗ್ರೋಸರಿಯಿಂದ ತಂದ ಸೇವಂತಿಗೆಯನ್ನೇ ಕೋವಿಗೆ ಇಟ್ಟು ಪೂಜೆ ಮಾಡಿದಿರಿ. ಮಧ್ಯಾಹ್ನ ಗುಂಡು ಹೊಡೆಯುವ ರೇಂಜಿನಲ್ಲಿ ಹಬ್ಬದ ಗುರಿಯಾಟಕ್ಕೆಂದು ಕಂಬಕ್ಕೆ ತೆಂಗಿನಕಾಯಿ ಕಟ್ಟಿದ್ದರು, ನೂರು ಗಜದಲ್ಲಿ. ಇಲ್ಲಿರುವ ಕೊಡಗಿನ ಎಲ್ಲ ಮನೆಯವರೂ ಬಂದಿದ್ದರು. ಹಿರಿಯರು ಮೊದಲು ಹೊಡೆಯಲಿ ಎಂದರು. ಅಚ್ಚಯ್ಯನವರು ಕೋವಿ ಎತ್ತಿಕೊಂಡರು, ಭುಜಕ್ಕೆ ಇಟ್ಟರು, ಇಳಿಸಿದರು. ನಿಮ್ಮ ಕೈಗೆ ಕೊಟ್ಟು "ನೀನೇ ಹೊಡಿ ಮಗಳೇ" ಎಂದರು. ನೀವು ಹೊಡೆದಿರಿ, ಎಲ್ಲರೂ ಚಪ್ಪಾಳೆ ತಟ್ಟಿದರು, ಅವರು ಎಲ್ಲರಿಗಿಂತ ಜೋರಾಗಿ ತಟ್ಟಿದರು. ಆಮೇಲೆ ಅವರು ಕೋವಿ ಮುಟ್ಟಿದ್ದನ್ನು ನಾನು ಕಾಣಲಿಲ್ಲ. ಎರಡು ವರ್ಷದ ನಂತರ ಹೋದರು. ಅವರ ಅಂತ್ಯಕ್ರಿಯೆಯಲ್ಲಿ ಯಾರೋ "ಒಂದು ಕಾಲಕ್ಕೆ ಒಳ್ಳೆ ಗುರಿಕಾರರು" ಎಂದರು. ನಾನು ತಲೆಯಾಡಿಸಿದೆ.

ಕೋವಿ ನನಗೆ ಬೇಡ. ನೀವು ಒಪ್ಪಿದರೆ ಒಂದು ಶನಿವಾರ ಅದನ್ನು ತೆಗೆದುಕೊಂಡು ಹೋಗಿ, ನಳಿಗೆಯನ್ನು ಮೂರಿಂಚು ಕತ್ತರಿಸಿ, ಅವರು ಕೇಳಿದ ತೋಟೆಗೇ ಕೊರೆದು ನಿಮಗೆ ವಾಪಸ್ಸು ತಂದುಕೊಡುತ್ತೇನೆ. ಒಪ್ಪದಿದ್ದರೆ ಅದೂ ಸರಿ. ಕ್ಷಮಿಸಿ ಎಂದು ಕೇಳುತ್ತಿಲ್ಲ, ಯಾರನ್ನು ಕೇಳಬೇಕಿತ್ತೋ ಅವರು ಇಲ್ಲ.

ನಿಮ್ಮ ಮಕ್ಕಳಿಗೆ ಅಜ್ಜನ ಬಗ್ಗೆ ಹೇಳುವಾಗ ಇದನ್ನೂ ಹೇಳಿ. ಅವರ ಕೈ ಹೋಗಿರಲಿಲ್ಲ. ಅವರು ಕೇಳಿದ ಕೋವಿಯನ್ನು ನಾನು ಕೊಟ್ಟಿದ್ದರೆ, ಆ ತೆಂಗಿನಕಾಯಿಯನ್ನು ಅವರೇ ಹೊಡೆಯುತ್ತಿದ್ದರು.