ಭಾನುವಾರ ಪಾನಾ ಕೊಡದ ಉಸ್ತಾದ್

ಹೋದ ವಾರ ಚರ್ಚಿನಲ್ಲಿ ಆರಾಧನೆ ಮುಗಿದ ಮೇಲೆ ಒಬ್ಬ ಹುಡುಗ ನನ್ನ ಕೈ ಕುಲುಕಿದ. ಈ ಸಲ ಬಿಷಪ್ಪರಿಂದ ದೃಢೀಕರಣ ಆಗಿ ಸಭೆಗೆ ಪೂರ್ತಿ ಸೇರಿದವರಲ್ಲಿ ಅವನೂ ಒಬ್ಬ. ಅವನು ಹೋದ ಮೇಲೂ ನನ್ನ ಅಂಗೈಯಲ್ಲಿ ವಾಸನೆ ಉಳಿಯಿತು. ಡೀಸೆಲ್, ಅದರ ಮೇಲೆ ಬಟ್ಟೆ ಒಗೆಯುವ ಸಾಬೂನು ಪುಡಿ. ಎಷ್ಟು ತಿಕ್ಕಿದರೂ ಹೋಗದ ವಾಸನೆ ಅದು. ನನಗೆ ಕೆಲಸ ಕಲಿಸಿದ ಉಸ್ತಾದ್ ನೆನಪಾದರು...

ಗಂಗಾವತಿಯಲ್ಲಿ ಕೊಪ್ಪಳ ರಸ್ತೆಗೆ ಅವರ ಗ್ಯಾರೇಜು. ಟ್ರ್ಯಾಕ್ಟರ್ ರಿಪೇರಿ. ಮರಳಿ ಊರಿನ ಕಡೆಯ ಗದ್ದೆಗಳ ಕೆಸರಲ್ಲಿ ಓಡಿ ಕೆಟ್ಟ ಗಾಡಿಗಳೆಲ್ಲ ಅಲ್ಲಿಗೇ ಬರುತ್ತಿದ್ದವು. ಏಳನೆಯ ಇಯತ್ತೆಗೆ ಸಾಲಿ ಬಿಟ್ಟು ನಾನು ಅಲ್ಲಿ ಸೇರಿದ್ದೆ. ಉಸ್ತಾದ್ ಮುಸಲ್ಮಾನರು. ಬಿಳಿ ಗಡ್ಡ, ಕರಿ ಕೈ. ಬೈಗುಳ ಬಹಳ, ಹೊಡೆತ ಇಲ್ಲ. ಶುಕ್ರವಾರ ಮಧ್ಯಾಹ್ನ ಎಂಥಾ ದೊಡ್ಡ ಗೌಡರ ಗಾಡಿ ಬಿಚ್ಚಿ ಬಿದ್ದಿದ್ದರೂ ಕೈ ತೊಳೆದು ನಮಾಜಿಗೆ ನಡೆದುಬಿಡುತ್ತಿದ್ದರು. ಭಾನುವಾರ ಗ್ಯಾರೇಜು ತೆರೆದಿರುತ್ತಿತ್ತು. ಆದರೆ ಚರ್ಚಿಗೆ ಹೋಗಲೆಂದು ನನಗೆ ಅವತ್ತು ರಜೆ.

ನನ್ನ ದೃಢೀಕರಣಕ್ಕೆ ಮೊದಲು ಕೆಲವು ತಿಂಗಳು ಪಾಠ ಇತ್ತು. ವಿಶ್ವಾಸ ಪ್ರಮಾಣ, ಹತ್ತು ಆಜ್ಞೆ, ಪ್ರಶ್ನೆ ಉತ್ತರ, ಎಲ್ಲ ಬಾಯಿಪಾಠ. ನಾನು ಕೇಳಿ ಕೇಳಿಯೇ ಕಲಿತೆ. ಬಿಷಪ್ ಬಂದರು, ತಲೆಯ ಮೇಲೆ ಕೈ ಇಟ್ಟು ಪ್ರಾರ್ಥಿಸಿದರು. ಮೊದಲ ಸಲ ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಂಡೆ. ಹೊಸ ಅಂಗಿಯಲ್ಲಿ ಫೋಟೋ ಆಯಿತು. ಅವ್ವ ಕೋಳಿ ಮಾಡಿದ್ದಳು. ಅವತ್ತು ನನಗೆ ನಿಜವಾಗಿ ಖುಷಿ ಆಗಿತ್ತು.

ಮುಂದಿನ ಭಾನುವಾರವೇ ಕೆಟ್ಟಿತು. ದೃಢೀಕರಣ ಆದವರು ಯುವಜನರ ಕೂಟಕ್ಕೆ ಬರಬೇಕು ಅಂದರು. ಸುತ್ತಲೂ ಕೂರಿಸಿದರು. ವೇದಪುಸ್ತಕ ಕೈಯಿಂದ ಕೈಗೆ ಬರುತ್ತದೆ, ಒಬ್ಬೊಬ್ಬರು ಒಂದೊಂದು ವಚನ ಓದಬೇಕು. ಅಷ್ಟು ವರ್ಷ ಸಾಲಿಗೆ ಹೋಗಿದ್ದರೂ ನನಗೆ ಬಸ್ಸಿನ ಬೋರ್ಡು ಓದಲು ಬರುತ್ತಿತ್ತು, ಅಷ್ಟೇ. ನನ್ನ ಪಾಲಿಗೆ ಬಂದದ್ದು ಉದ್ದುದ್ದ ಹೆಸರಿನ ರಾಜರು. ಮೊದಲನೇ ರಾಜನನ್ನೇ ದಾಟಲು ಆಗಲಿಲ್ಲ. ಯಾರೋ ಕಿಸಕ್ಕನೆ ನಕ್ಕರು. ಪಕ್ಕದವನು ಪುಸ್ತಕ ತೆಗೆದುಕೊಂಡು ಓದಿ ಮುಗಿಸಿದ. ನನ್ನ ಕಿವಿ ಬಿಸಿಯಾಗಿತ್ತು. ಆಮೇಲೆ ನಾನು ಕೂಟಕ್ಕೂ ಚರ್ಚಿಗೂ ಹೋಗಲಿಲ್ಲ.

ಅದರ ಮುಂದಿನ ಭಾನುವಾರ ನೇರ ಗ್ಯಾರೇಜಿಗೆ ಹೋಗಿ, ನಟ್ಟು ಬಿಚ್ಚಲು ಪಾನಾ ಕೈಗೆತ್ತಿಕೊಂಡೆ. ಉಸ್ತಾದ್ ಅದನ್ನು ಕಿತ್ತುಕೊಂಡರು.

“ಏನಲೇ, ಇವತ್ತು ಐತವಾರ. ಚರ್ಚಿಗೆ ಹೋಗಿಲ್ಲೇನು?”

“ನಂದು ಮುಗೀತ್ರಿ ಉಸ್ತಾದ್. ಬಿಷಪ್ ಬಂದು ಮಾಡಿ ಹೋದ್ರಲ್ಲ.”

“ಏನ್ ಮುಗೀತು? ದೇವರು ಮುಗದ್ನಾ?”

ಅಲ್ಲಿ ಕೂತಿದ್ದ ಟ್ರ್ಯಾಕ್ಟರ್ ಡ್ರೈವರ್ ನಕ್ಕ. ನನಗೆ ಸಿಟ್ಟು ಬಂತು. “ನಿಮಗ್ಯಾಕ್ರಿ? ನೀವೇನ್ ನಮ್ಮ ಪಾಸ್ಟರ್ರಾ?” ಅಂದೆ.

“ಪಾಸ್ಟರ್ ಆಗಿದ್ರ ಸಮಾಧಾನ ಹೇಳ್ತಿದ್ದೆ. ನಾ ಉಸ್ತಾದ್. ನಡಿ ಹೊರಗ.”

ನಾನೂ ಮೊಂಡ. ಚರ್ಚಿಗೂ ಹೋಗಲಿಲ್ಲ, ಮನೆಗೂ ಹೋಗಲಿಲ್ಲ. ಗ್ಯಾರೇಜಿನ ಹೊರಗೆ ಹಳೇ ಟೈರಿನ ಮೇಲೆ ಕೂತೆ. ಮುಂದಿನ ಭಾನುವಾರವೂ ಹಾಗೇ ಕೂತೆ. ಅವತ್ತು ಉಸ್ತಾದ್ ಚಹಾ ಹಿಡಿದುಕೊಂಡು ಬಂದು ಪಕ್ಕದಲ್ಲಿ ಕುಕ್ಕರಿಸಿದರು. “ಯಾರರ ಏನರ ಅಂದ್ರೇನು?” ಎಂದು ಮೆಲ್ಲಗೆ ಕೇಳಿದರು. ಆ ದನಿ ನಾನು ಅವರ ಬಾಯಲ್ಲಿ ಮೊದಲು ಕೇಳಿರಲಿಲ್ಲ. ಹೇಳಿಬಿಟ್ಟೆ.

ಅವರು ನಗಲಿಲ್ಲ.

“ನಾ ಸಣ್ಣಾಂವ ಇದ್ದಾಗ ಅರಬ್ಬಿ ಎಲ್ಲಾ ಬಾಯಿಪಾಠ. ಒಂದು ಮಾತಿನ ಅರ್ಥಾನೂ ಗೊತ್ತಿದ್ದಿಲ್ಲ. ನಲವತ್ತು ದಾಟಿದ ಮ್ಯಾಲೆ ನಾಚಿಕಿ ಬಂತು. ಮದರಸಾಕ್ಕ ಹೋಗಿ ಸಣ್ಣ ಹುಡುಗರ ಮಗ್ಗಲ ಕುಂತೆ. ನನ್ನ ಮಗಾನೂ ಅಲ್ಲೇ ಇದ್ದ. ‘ಅಬ್ಬಾ, ಎದ್ದು ಹೋಗು, ಅಪ್ಪ ಬಂದು ಕುಂತ್ರ ನನ್ನ ಮರ್ಯಾದಿ ಹೋಗ್ತೈತಿ’ ಅಂದ.”

“ಎದ್ದು ಹೋದ್ರೇನ್ರಿ?”

“ಅಂವ ಎದ್ದು ಹೋದ. ನಾ ಕುಂತೆ.”

ಚಹಾ ಮುಗಿಸಿ ಎದ್ದರು. “ನಿಮ್ಮಲ್ಲಿ ಸಣ್ಣ ಹುಡುಗರ ಕ್ಲಾಸ್ ಇರ್ತದಲ್ಲ? ಅಲ್ಲಿ ಹೋಗಿ ಕುಂದ್ರು. ಇಲ್ಲಿ ಕುಂತ್ರ ಟೈರ್ ಸವೀತೈತಿ.”

ಹೋದೆ. ಸಂಡೇ ಸ್ಕೂಲಿನ ಚಾಪೆಯ ಮೇಲೆ, ಮೀಸೆ ಚಿಗುರಿದ ನಾನು, ಮೊಣಕಾಲು ಎಲ್ಲಿಡಬೇಕೋ ತಿಳಿಯದೆ ಕೂತೆ. ಮುಂದಿನ ಹಲ್ಲು ಬಿದ್ದ ಒಬ್ಬ ಹುಡುಗಿ ನನ್ನನ್ನೇ ನೋಡಿ ಕೇಳಿದಳು, “ಅಣ್ಣಾ, ನೀ ಫೇಲ್ ಆಗೀಯೇನು?”

“ಹೂಂ,” ಅಂದೆ.

ಅವಳು ಸರಿದು ಜಾಗ ಕೊಟ್ಟಳು. ಅಲ್ಲಿ ಓದುವುದು ಅಂದರೆ ಎಲ್ಲರೂ ಒಟ್ಟಿಗೆ ಕಿರುಚುವುದು. ಆ ಗದ್ದಲದಲ್ಲಿ ನನ್ನ ತಪ್ಪು ಯಾರಿಗೂ ಕೇಳಿಸುತ್ತಿರಲಿಲ್ಲ. ಹಾಗೆ ಕಿರುಚಿ ಕಿರುಚಿಯೇ ನಾನು ಓದು ಕಲಿತದ್ದು.

ಉಸ್ತಾದ್ ಅಷ್ಟಕ್ಕೇ ಬಿಡಲಿಲ್ಲ. ಸೋಮವಾರ ನಾನು ಟ್ರ್ಯಾಕ್ಟರಿನ ಕೆಳಗೆ ಮಲಗಿ ಕೆಲಸ ಮಾಡುವಾಗ ಮೇಲಿಂದ ಕೇಳುತ್ತಿದ್ದರು, “ನಿನ್ನೆ ಏನ್ ಹೇಳಿದ್ರು?” ಹೇಳಬೇಕು. ಮರೆತೆ ಅಂದರೆ ಬೈಗುಳ. ಅವರು ನನ್ನನ್ನು ತಮ್ಮ ಮತದ ಕಡೆಗೆ ಒಂದು ದಿನವೂ ಕರೆಯಲಿಲ್ಲ. ಆದರೆ ನಾನು ಕೇಳಿಸಿಕೊಂಡು ಬಂದದ್ದನ್ನು ಸುಮ್ಮನೆ ಹೋಗಲು ಬಿಡುತ್ತಿರಲಿಲ್ಲ. ಒಂದು ಸೋಮವಾರ, ತಪ್ಪು ಮಾಡಿದವರನ್ನು ಕ್ಷಮಿಸಬೇಕು ಅಂತ ಹೇಳಿದರು ಅಂದೆ.

“ಹಂಗಾದ್ರ ಆ ಕುಷ್ಟಗಿ ಡ್ರೈವರ್‌ನ ಮಾಫ್ ಮಾಡೀಯೇನು?”

ಆ ಡ್ರೈವರ್ ಹಿಂದಿನ ವಾರ ಎಲ್ಲರ ಮುಂದೆ ನನ್ನ ಕೆನ್ನೆಗೆ ಹೊಡೆದಿದ್ದ. “ಇಲ್ರಿ,” ಅಂದೆ.

“ಮತ್ತ ನಿನ್ನೆ ಏನ್ ಕೇಳಿ ಬಂದಿ? ಬರೇ ಹಾಡೇನು?”

ಆ ಡ್ರೈವರ್ ಮತ್ತೆ ಗಾಡಿ ತಂದಾಗ ನನ್ನ ಮನಸ್ಸು ಪೂರ್ತಿ ತಿಳಿಯಾಗಿರಲಿಲ್ಲ. ಆದರೆ ಅವನ ಬ್ರೇಕು ಸರಿಯಾಗಿ ಕಟ್ಟಿಕೊಟ್ಟೆ. ನಂಬಿಕೆ ಅಂದರೆ ಕೈಯಿಂದ ಮಾಡುವಂಥದ್ದೂ ಇರುತ್ತದೆ ಅಂತ ನನಗೆ ಅವತ್ತು ತಿಳಿಯಿತು. ಬಾಯಿಪಾಠದಲ್ಲಿ ಅದು ತಿಳಿದಿರಲಿಲ್ಲ.

ಕೊನೆಗೊಂದು ಭಾನುವಾರ ಚರ್ಚಿನಲ್ಲಿ ಸಭೆಯ ಮುಂದೆ ನಿಂತು ವೇದಪುಸ್ತಕದ ಪಾಠ ಓದಿದೆ. ಮರುದಿನ ಉಸ್ತಾದರಿಗೆ ಹೇಳಿದೆ.

“ತಪ್ಪಿದ್ಯಾ?”

“ನಡುನಡುವ ತಪ್ಪಿತ್ರಿ.”

“ನನಗ ಇನ್ನೂ ತಪ್ತೈತಿ. ಹೋಗ್ಲಿ, ಆ ಫಿಲ್ಟರ್ ಕೊಡು.”

ಮುಖ ಆ ಕಡೆ ಮಾಡಿಕೊಂಡಿದ್ದರು. ನಕ್ಕರೋ ಏನೋ... ನನಗೆ ಕಾಣಲಿಲ್ಲ.

ಆಮೇಲೆ ಒಂದು ಬೇಸಿಗೆ ಅವರಿಗೆ ಎದೆನೋವು ಬಂತು. ಕೊಪ್ಪಳದ ಆಸ್ಪತ್ರೆಗೆ ಒಯ್ಯುವಾಗ ದಾರಿಯಲ್ಲೇ ಹೋದರು. ಮಣ್ಣಿಗೆ ಒಯ್ಯುವಾಗ ನಾನೂ ಹೆಗಲು ಕೊಟ್ಟೆ. ಈಗ ಗ್ಯಾರೇಜನ್ನು ಅವರ ಮಗ ನಡೆಸುತ್ತಾನೆ, ಬಲು ಸಿಟ್ಟಿನವನು. ನಾನು ಅಲ್ಲೇ ಇದ್ದೇನೆ. ಸೋಮವಾರ ಯಾರೂ ಏನೂ ಕೇಳುವುದಿಲ್ಲ. ಅದು ಕಷ್ಟ.

ದೃಢೀಕರಣ ಆದ ಹುಡುಗರಿಗೆ ಈಗ ನಾನು ಹೇಳುವುದು ಇಷ್ಟೇ. ಓದಲು ಬರದಿದ್ದರೆ ಬರಲ್ಲ ಅನ್ನಿ. ಪ್ರಾರ್ಥನೆ ಬರದಿದ್ದರೆ ಬರಲ್ಲ ಅನ್ನಿ. ಮನೆಯಲ್ಲಿ ಮಾತ್ರ ಕೂರಬೇಡಿ. ಕೆಲವರು ನನ್ನ ಮಾತು ಕೇಳುತ್ತಾರೆ. ಹೋದ ಭಾನುವಾರ ಸಂಜೆ ನಾಲ್ಕು ಹುಡುಗರು ನನ್ನ ಜೊತೆ ಅಳವಂಡಿಗೆ ಬಂದರು, ಒಂದು ಮನೆ ಪ್ರಾರ್ಥನೆಗೆ. ನಾನು ಓದಿದ ಮೇಲೆ ಆ ಮನೆಯ ಅಜ್ಜಿ ಕೇಳಿದಳು, “ಛಲೋ ಓದ್ತಿಯಪಾ. ಯಾರ್ ಕಲಿಸಿದ್ರು?”

“ನಮ್ಮ ಉಸ್ತಾದ್ ಒಬ್ರು ಇದ್ರು ಅಜ್ಜಿ, ಸಾಬ್ರು. ಕಲಿಯಾಕ ಅವರೇ ದಬ್ಬಿದ್ರು.”

“ಅದಾರೇನು?”

“ಇಲ್ಲ. ಹೋಗ್ಯಾರ.”

ಅಜ್ಜಿ ಸೆರಗು ತಲೆಯ ಮೇಲೆ ಎಳೆದುಕೊಂಡಳು. “ಹಂಗಾದ್ರ ಅವರ ಮನ್ಯಾಗಿನವರಿಗೆ ಪ್ರಾರ್ಥನಿ ಮಾಡು. ಈಗ ಮಾಡು.”

ಕಣ್ಣು ಮುಚ್ಚಿದೆ. ಅವರ ಹೆಂಡತಿಯ ಮೊಣಕಾಲು ನೋವು ವಾಸಿಯಾಗಲಿ ಅಂದೆ. ಮಗನ ಸಿಟ್ಟು ಇಳಿಯಲಿ ಅಂದೆ. ಅಂಥ ಮನುಷ್ಯನನ್ನು ನನ್ನ ದಾರಿಗೆ ಅಡ್ಡ ನಿಲ್ಲಿಸಿದ್ದಕ್ಕೆ ದೇವರೇ ನಿನಗೆ ಸ್ತೋತ್ರ ಅಂದೆ. ಮುಂದೆ ಮಾತು ಬರಲಿಲ್ಲ. ನನ್ನ ಪಕ್ಕದ ಹುಡುಗ, ಕೂಟದಲ್ಲಿ ಒಂದು ದಿನವೂ ಬಾಯಿ ಬಿಡದವನು, ಅಲ್ಲಿಂದ ಪ್ರಾರ್ಥನೆ ಮುಂದುವರಿಸಿದ.