ಫೀಸಿಲ್ಲದೆ ಬರುವ ಹೆಂಗಸು

ಮಾನ್ಯ ಓದುಗರಲ್ಲಿ ವಿನಂತಿ.

ಈ ಬರಹದಲ್ಲಿ ಕಾಗುಣಿತದ ದೋಷಗಳಿದ್ದಲ್ಲಿ ಮೊದಲಿಗೇ ಕ್ಷಮೆ ಕೋರುತ್ತೇನೆ. ನನ್ನ ಕೈಬರಹವೂ ಚೆನ್ನಾಗಿಲ್ಲ. ಅದನ್ನು ಓದಿ ಅಚ್ಚಿಗೆ ಜೋಡಿಸುವವರು ಮನ್ನಿಸಬೇಕು. ಅರ್ಜಿ, ವರದಿ, ತಕರಾರುಗಳನ್ನು ಬಿಟ್ಟು ಬೇರೇನನ್ನೂ ಬರೆದು ನನಗೆ ರೂಢಿಯಿಲ್ಲ. ಆದಕಾರಣ ನನ್ನ ನೆನಪುಗಳನ್ನೂ ಅದೇ ಧಾಟಿಯಲ್ಲಿ ನಿವೇದಿಸಿಕೊಳ್ಳುತ್ತಿದ್ದೇನೆ.

ಸಮಾಜಸೇವೆ ಮಾಡಿಕೊಂಡಿದ್ದವಳು ಮೂವತ್ತು ದಾಟಿದ ಮೇಲೆ ವಕೀಲಿಕೆ ಓದಿದ್ದೇಕೆ ಎಂಬುದೇ ಇಲ್ಲಿನ ವಿಷಯ. ಇದನ್ನು ಕೇಳಿದವರೆಲ್ಲ ಕಣ್ಣನ್ನು ಸ್ವಲ್ಪ ಕಿರಿದು ಮಾಡಿಕೊಂಡೇ ಕೇಳಿದ್ದಾರೆ. ಅವರನ್ನು ನಾನು ದೂರುವುದಿಲ್ಲ. ಅದೇ ಪ್ರಶ್ನೆಯನ್ನು ನಾನೂ ನನಗೆ ಹಾಗೆಯೇ ಕೇಳಿಕೊಂಡಿದ್ದೇನೆ.

ತೊಂಬತ್ತರ ದಶಕದ ನಡುವಿನ ವರ್ಷಗಳಲ್ಲಿ ನಾನು ಮೈಸೂರಿನ ಒಂದು ಸೇವಾ ಸಂಘದಲ್ಲಿದ್ದೆ. ಸಂಬಳವಿರಲಿಲ್ಲ, ಬಸ್ ಚಾರ್ಜು ಮಾತ್ರ ಸಿಗುತ್ತಿತ್ತು. ಗಂಡ ತೀರಿಕೊಂಡ ಅಥವಾ ಗಂಡ ಬಿಟ್ಟುಹೋದ ಹೆಂಗಸರ ಜೊತೆ ಪಿಂಚಣಿ, ಆಸ್ಪತ್ರೆ, ಕೋರ್ಟು ಎಂದು ಓಡಾಡುವುದು ನನ್ನ ಕೆಲಸ. ಸಂಘದಲ್ಲಿ ಒಂದು ಕಟ್ಟುನಿಟ್ಟಿತ್ತು. ನಾವು ಯಾರಿಗೆ ನೆರವಾಗುತ್ತೇವೆಯೋ ಅವರ ಮನೆಯಲ್ಲಿ ಏನನ್ನೂ ಸ್ವೀಕರಿಸಬಾರದು, ಕಾಫಿಯನ್ನೂ ಕುಡಿಯಬಾರದು. ಇಲ್ಲದವರ ಮನೆಗೆ ನಾವು ಹೊರೆಯಾಗಬಾರದೆಂಬುದು ಇದರ ಉದ್ದೇಶ. ನಾನು ಅದನ್ನು ಚಾಚೂ ತಪ್ಪದೆ ಪಾಲಿಸಿದೆ.

ಇಲವಾಲದಲ್ಲಿ ಒಬ್ಬ ವಿಧವೆ ಇದ್ದರು. ವಯಸ್ಸಿನಲ್ಲಿ ನನಗಿಂತ ಬಹಳ ಹಿರಿಯರು. ಮಾವನ ಕಾಲದ ಹೆಂಚಿನ ಮನೆಯ ಒಂದು ಭಾಗದಲ್ಲಿ ಅವರು, ಇನ್ನೊಂದು ಭಾಗದಲ್ಲಿ ಅವರ ಮೈದುನ. ಹುಣಸೂರು ರಸ್ತೆಯ ಕಡೆ ಸೈಟುಗಳಿಗೆ ಬೆಲೆ ಬರತೊಡಗಿದ್ದ ಕಾಲ ಅದು. ಇಡೀ ಮನೆ ತನ್ನದೇ, ಅತ್ತಿಗೆ ಖಾಲಿ ಮಾಡಬೇಕು ಎಂದು ಮೈದುನ ಮೈಸೂರಿನ ಕೋರ್ಟಿನಲ್ಲಿ ದಾವೆ ಹೂಡಿದ್ದ. ಆಕೆಗೆ ಹೋಗಲು ಬೇರೆ ಜಾಗವಿರಲಿಲ್ಲ. ಸಂಘದವರು ಒಬ್ಬ ವಕೀಲರನ್ನು ಗೊತ್ತುಮಾಡಿಕೊಟ್ಟರು. ಅವರ ಫೀಸನ್ನು ಮಾತ್ರ ಆಕೆ ಹಟ ಹಿಡಿದು ತಾವೇ ಕೊಟ್ಟರು.

ನಾನು ವಾರಕ್ಕೊಮ್ಮೆ ಹೋಗುತ್ತಿದ್ದೆ. ಆಕೆ ನನ್ನನ್ನು ಜಗುಲಿಯಿಂದ ಒಳಗೆ ಕರೆದದ್ದಿಲ್ಲ. ಒಮ್ಮೆ ಮಾತಿನ ನಡುವೆ ನಾನು ಸೂರಿನ ಕಡೆ ನೋಡಿದೆ.

“ಏನವ್ವ ನೋಡ್ತಿದ್ದೀಯೆ?”

“ಹೆಂಚು ಒಡೆದಿದೆಯಲ್ಲಮ್ಮ, ಮಳೆ ಬಂದರೆ ಸೋರುತ್ತೆ.”

“ಒಡ್ದಿದ್ರೂ ನಮ್ದೇ ಕಣವ್ವ,” ಎಂದರು.

ಅಂದಿನಿಂದ ನಾನು ಆ ಮನೆಯಲ್ಲಿ ತಲೆಯೆತ್ತಿ ಎತ್ತಲೂ ನೋಡಲಿಲ್ಲ. ಆದರೆ ನನ್ನಲ್ಲೂ ಸಂಶಯ ಹುಟ್ಟಿತು. ಇಷ್ಟು ಕಾಯುವಂಥದ್ದು ಒಳಗೇನಿದೆ? ಮತ್ತೊಂದು ವಾರ ಹೋದಾಗ, ಬಾಗಿಲಾಚೆ ನಾನು ಒಮ್ಮೆಯೂ ಕಾಲಿಡದ ನಡುಮನೆಯಲ್ಲಿ ಮೈದುನನೇ ಕುಳಿತು ಕಾಫಿ ಕುಡಿಯುತ್ತಿದ್ದ. ಹಾಕಿದ್ದು ಖಾಲಿ ಮಾಡಿಸುವ ದಾವೆ, ಕುಡಿಯುತ್ತಿದ್ದದ್ದು ಅತ್ತಿಗೆಯ ಕೈಕಾಫಿ.

“ಬನ್ನಿ ಮೇಡಮ್ಮೋರೆ,” ಎಂದ. “ಏನು, ನಿಮ್ ಸಂಘದ ಆಫೀಸು ಇಲ್ಲೇ ಮಾಡ್ಬುಡೋ ಆಲೋಚ್ನೆನಾ?”

“ಇಲ್ಲ. ಇವರನ್ನು ನೋಡಿಕೊಂಡು ಹೋಗಲು ಬಂದೆ.”

“ವಾರವಾರ ಬತ್ತೀರಿ. ಕಾಸು ಇಸ್ಕಳ್ಳಲ್ಲ. ನಾವು ಕೊಟ್ಟ ನೀರೂ ಮುಟ್ಟಲ್ಲ. ನಿಮಗೇನು ಗಿಟ್ತದೆ ಅಂತ ಊರೋರೆಲ್ಲ ಕೇಳ್ತವ್ರೆ ಕಣ್ರೀ. ನಾನೇನಂತ ಯೋಳ್ಲಿ?”

“ಸೇವೆ,” ಎಂದೆ. ನನ್ನ ಕಿವಿಗೇ ಆ ಮಾತು ಖೋಟಾ ನಾಣ್ಯದಂತೆ ಕೇಳಿಸಿತು. ಆಕೆ ಮೈದುನನ ಲೋಟ ತೆಗೆದುಕೊಂಡು ಒಳಗೆ ಹೋದರು. ಇಬ್ಬರೂ ಒಳಗೊಳಗೇ ರಾಜಿಯಾಗಿ ನನ್ನನ್ನು ಆಡಿಸುತ್ತಿರಬಹುದೆಂದು ದಾರಿಯುದ್ದಕ್ಕೂ ಯೋಚಿಸಿದೆ.

ಮುಂದಿನ ವಾಯಿದೆಯ ದಿನ ಆಕೆಯ ವಕೀಲರಿಗೆ ಜ್ವರ ಬಂದು ಅವರು ಕೋರ್ಟಿಗೆ ಬರಲಿಲ್ಲ. ಕೇಸು ಕೂಗಿದರು. ಎದುರಿನ ವಕೀಲರು, ಪ್ರತಿವಾದಿಯ ಪರ ಯಾರೂ ಇಲ್ಲ, ಪ್ರಕರಣ ಮುಂದುವರಿಸಬಹುದು ಎಂದು ಬಿನ್ನವಿಸಿಕೊಂಡರು. ಈ ಹೆಂಗಸಿನ ಮಾತೇ ದಾಖಲಾಗದೆ ಮನೆ ಕೈಬಿಡಬಹುದೆಂದು ಹೆದರಿ ನಾನು ಎದ್ದು ನಿಂತೆ.

“ನೀವ್ಯಾರು?” ನ್ಯಾಯಾಧೀಶರು ಕೇಳಿದರು. “ವಕೀಲರೇ? ಸಂಬಂಧಿಕರೇ?”

“ಎರಡೂ ಅಲ್ಲ ಸ್ವಾಮಿ. ಇವರ ಜೊತೆ ಬಂದಿದ್ದೇನೆ.”

ಅವರು ಆಕೆಯ ಕಡೆ ತಿರುಗಿದರು. “ಇವರು ನಿಮಗೆ ಗೊತ್ತೇನಮ್ಮ?”

ಆಕೆ ನನ್ನನ್ನು ನೋಡಿದರು, ಆಮೇಲೆ ಮೈದುನನನ್ನು ನೋಡಿದರು. “ಗೊತ್ತಿಲ್ಲ ಸ್ವಾಮಿ. ಬಸ್ಸಲ್ಲಿ ಸಿಕ್ಕಿದ್ರು.”

ನನ್ನನ್ನು ಹೊರಗೆ ಕಳುಹಿಸಲಾಯಿತು. ಪುಣ್ಯಕ್ಕೆ ನ್ಯಾಯಾಧೀಶರು ತಾವಾಗಿಯೇ ಬೇರೆ ದಿನ ಕೊಟ್ಟರು. ಕೋರ್ಟಿನ ಆವರಣದ ಮರದಡಿಯಲ್ಲಿ ನಿಂತಿದ್ದ ನನ್ನ ಬಳಿಗೆ ಆಕೆ ತಾವಾಗಿಯೇ ಬಂದರು.

“ಬೇಜಾರಾಯ್ತೇನವ್ವ?”

“ನನ್ನನ್ನು ಗೊತ್ತಿಲ್ಲ ಅಂದಿರಲ್ಲಮ್ಮ.”

“ಗೊತ್ತಿಲ್ವಲ್ಲ,” ಎಂದರು ಶಾಂತವಾಗಿ. “ಆ ಲಾಯರಪ್ಪ ಕಾಸು ಇಸ್ಕಂಡವ್ನೆ, ಅವ್ನು ನನ್ನೋನು. ಮೈದ್ನ ಮನೆ ಕೇಳ್ತಾವ್ನೆ, ಅವ್ನಿಗೇನು ಬೇಕು ಅಂತ ಗೊತ್ತು. ಕಾಫಿ ಕೇಳಿದ್ರೂ ಕೊಡ್ತೀನಿ. ನೀನು ಏನೂ ಇಸ್ಕಳ್ಳಲ್ಲ. ನಾಳಿಕ್ಕೆ ಏನು ಕೇಳ್ತೀಯೋ ನಾನೆಂಗೆ ಅರೀಲಿ?”

ಸಂಘದ ಕಟ್ಟುನಿಟ್ಟನ್ನು ವಿವರಿಸಿದರೆ ಇನ್ನಷ್ಟು ಸಂಶಯ ಬರುತ್ತಿತ್ತು.

ನಮ್ಮ ಮನೆ ದೇವರಾಜ ಮೊಹಲ್ಲಾದಲ್ಲಿತ್ತು. ಅಲ್ಲೇ ಅಪ್ಪಾಜಿಯವರ ಗ್ರಂಧಿಗೆ ಅಂಗಡಿ; ಅರಿಶಿನ, ಕುಂಕುಮ, ವಿಭೂತಿ, ಒಣ ಬೇರುಗಳ ವ್ಯಾಪಾರ. ಸಂಜೆ ಅಲ್ಲಿ ಕುಳಿತು ನಡೆದದ್ದನ್ನು ಹೇಳಿದೆ. ಅವರು ನನ್ನನ್ನು ಸಮಾಧಾನಪಡಿಸಬಹುದೆಂದುಕೊಂಡಿದ್ದೆ. ಅವರು ನಕ್ಕರು.

“ಆಯಮ್ಮ ವ್ಯಾಪಾರಸ್ಥೆ ಕಣಮ್ಮ. ಒಂದು ಚಿಟಿಕೆ ಅರಿಶಿನ ಬಿಟ್ಟಿ ಕೊಟ್ಟುನೋಡು, ಗಿರಾಕಿ ಮೂಗಿನ ಹತ್ರ ಹಿಡಿದು ಮೂಸ್ತಾನೆ. ಅದನ್ನೇ ತೂಗಿ ಕಾಸು ಕೇಳು, ಸುಮ್ನೆ ಜೇಬಿಗೆ ಹಾಕ್ಕೊಂಡು ಹೋಗ್ತಾನೆ.”

“ಹಾಗಾದರೆ ನಾನು ಲಾ ಓದುತ್ತೇನೆ ಅಪ್ಪಾಜಿ.”

ಅವರ ನಗು ನಿಂತಿತು. ತಕ್ಕಡಿ ಕೆಳಗಿಟ್ಟು ಕೇಳಿದರು: “ಯಾಕೆ, ಎಲೆಕ್ಷನ್‌ಗೆ ನಿಲ್ಲೋ ಯೋಚ್ನೆ ಏನಾದ್ರೂ ಇದೆಯಾ?”

ಸಂಜೆ ಕಾಲೇಜಿನ ಸಂದರ್ಶನದಲ್ಲೂ ಇದೇ ಆಯಿತು. ಸೇವಾ ಸಂಘದಿಂದ ಬಂದವರೆಲ್ಲ ಬಡವರ ಸೇವೆಗೆಂದು ಹೇಳುತ್ತಾರೆ, ನಿಮ್ಮ ಉದ್ದೇಶವೇನು ಎಂದು ಪ್ರಾಧ್ಯಾಪಕರು ಕೇಳಿದರು. “ಫೀಸು ತೆಗೆದುಕೊಳ್ಳುವುದಕ್ಕೆ,” ಎಂದೆ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. ಅವರಿಗೆ ಸೀಟು ಕೊಡಲು ಮನಸ್ಸಾದದ್ದು ನನ್ನ ಪ್ರಾಮಾಣಿಕತೆಗೋ ಉದ್ಧಟತನಕ್ಕೋ ನನಗೆ ಇಂದಿಗೂ ತಿಳಿಯದು.

ಓದು ಮುಗಿದು ಸನ್ನದು ಪಡೆದಾಗ ಎರಡು ಸಾವಿರದ ಇಸವಿ ದಾಟಿತ್ತು. ಇಲವಾಲದ ದಾವೆ ಇನ್ನೂ ನಡೆಯುತ್ತಲೇ ಇತ್ತು. ಆಕೆಯ ವಕೀಲರು ವಯಸ್ಸಾಗಿ ಕೆಲಸ ಬಿಟ್ಟಿದ್ದರು. ಒಂದು ಬೆಳಿಗ್ಗೆ ಆಕೆ, ನಾನು ಕರಿಕೋಟು ತೊಟ್ಟು ನಿಂತಿದ್ದ ಅದೇ ಆವರಣಕ್ಕೆ ಬಂದು, ಯಾವ ಪೀಠಿಕೆಯೂ ಇಲ್ಲದೆ ಕೇಳಿದರು.

“ಫೀಸು ಎಷ್ಟವ್ವ?”

ಹೇಳಿದೆ. ಹೇಳುವಾಗ ನಾಲಿಗೆ ತೊಡರಿತು.

“ಜಾಸ್ತಿ ಆಯ್ತು,” ಎಂದು ಆಕೆ ಹೊರಟುಹೋದರು. ತುಸು ಹೊತ್ತಿನ ಮೇಲೆ ಮರಳಿ ಬಂದರು. “ಅಲ್ಲಿ ಮೂಲೇಲಿ ಕುಂತಿರೋ ಲಾಯರಪ್ಪನ್ನ ಕೇಳ್ದೆ. ಅವ್ರೂ ಅಷ್ಟೇ ಅಂದ್ರು. ಒಸಿ ಕಮ್ಮಿ ಮಾಡ್ಕೊ.”

ಕಡಿಮೆ ಮಾಡಿದೆ. ಇನ್ನೂ ಸ್ವಲ್ಪ ಎಂದರು, ಆಗುವುದಿಲ್ಲ ಎಂದೆ. ಆಗ ಆಕೆಯ ಮುಖ ಸಡಿಲವಾಯಿತು. ಸೆರಗಿನ ಗಂಟು ಬಿಚ್ಚಿ ಹಣ ಕೊಟ್ಟು ವಕಾಲತ್ತಿಗೆ ಹೆಬ್ಬೆಟ್ಟು ಒತ್ತಿದರು.

ಕೇಸು ಕೂಗಿದಾಗ ನಾನು ಎದ್ದು ನಿಂತೆ. ಈಗಿದ್ದ ನ್ಯಾಯಾಧೀಶರು ಬೇರೆಯವರು; ಅವರು ವಕಾಲತ್ತನ್ನು ನೋಡಿ ನನ್ನನ್ನು ಯಾರೆಂದೇ ಕೇಳಲಿಲ್ಲ. ಆದರೂ ಹಿಂದಿನಿಂದ ಆಕೆಯ ದನಿ ಕೇಳಿತು: “ನಮ್ ಲಾಯರಮ್ಮ ಸ್ವಾಮಿ.” ದಫೇದಾರ ಸುಮ್ಮನಿರುವಂತೆ ಸನ್ನೆ ಮಾಡಿದ.

ಕೊನೆಗೆ ಆಕೆ ವಾಸವಿದ್ದ ಭಾಗ ಆಕೆಗೇ ಸೇರಿದ್ದೆಂದು ತೀರ್ಪಾಯಿತು. ಸಂತೋಷದ ಆ ದಿನ ಇಲವಾಲಕ್ಕೆ ಹೋದಾಗ ಮೊದಲ ಬಾರಿಗೆ ನಡುಮನೆಯಲ್ಲಿ ಕುಳಿತು ಕಾಫಿ ಕುಡಿದೆ. ಅಲ್ಲಿ ಕಾಯುವಂಥದ್ದು ಏನೂ ಇರಲಿಲ್ಲ; ಒಂದು ಮಂಚ, ನಾಲ್ಕು ಪಾತ್ರೆ, ಗಂಡನ ಫೋಟೊ. ಆಕೆಯ ಮೇಲಿನ ನನ್ನ ಸಂಶಯ ಅಲ್ಲಿಗೆ ಮುಗಿಯಿತು. ನನ್ನ ಮೇಲಿನದು ಮುಗಿದಿಲ್ಲ. ನಾನು ಓದಿದ್ದು ಆಕೆಯಂಥವರ ಪರ ನಿಲ್ಲುವುದಕ್ಕೋ, ‘ಗೊತ್ತಿಲ್ಲ ಸ್ವಾಮಿ’ ಎಂಬ ಮಾತಿಗೆ ಉತ್ತರ ಕೊಡುವುದಕ್ಕೋ ಎಂದು ಈಗಲೂ ಅನುಮಾನವಾಗುತ್ತದೆ.

ಹೊರಡುವಾಗ ಆಕೆ ಬಾಗಿಲವರೆಗೆ ಬಂದು ಹೇಳಿದರು: “ಕಾಸಿಗೆ ರಸೀದಿ ಕೊಟ್ಟಿಲ್ಲ ಕಣವ್ವ ನೀನು.”

ಜಗುಲಿಯ ಮೇಲೆ ಕುಳಿತು ಬರೆದುಕೊಟ್ಟೆ. ಆಕೆ ಅದನ್ನು ಮಡಚಿಕೊಂಡು, “ಮೇಷ್ಟ್ರ ಹತ್ರ ಓದಿಸ್ತೀನಿ. ತೆಪ್ಪಿದ್ರೆ ಯೋಳ್ ಕಳಿಸ್ತೀನಿ, ತಿದ್ದಿಕೊಡು,” ಎಂದರು.

ತಾವೂ ಹಾಗೆಯೇ ಮಾಡಬೇಕೆಂದು ಕೋರುತ್ತೇನೆ. ಈ ಬರಹವನ್ನು ನನ್ನ ಮೇಲಿನ ನಂಬಿಕೆಯಿಂದ ಓದದೆ, ತಪ್ಪು ಕಂಡಲ್ಲಿ ದಯವಿಟ್ಟು ತಿದ್ದಿರಿ.