ತಳ ಕಾಣುವ ನೀರು
ಹತ್ತಿ ವ್ಯಾಪಾರಿ ಬಕ್ಕೇಶಪ್ಪನವರು ಬೇಸಿಗೆ ಬಂತೆಂದರೆ ದ್ವೀಪ ಆರಿಸಲು ಕೂರುತ್ತಾರೆ. ಕಡಲಲ್ಲಿ ಮುಖ ಮುಳುಗಿಸಿ ಬಣ್ಣಬಣ್ಣದ ಮೀನು ನೋಡಬೇಕೆಂಬುದು ಅವರ ಹುಚ್ಚು. ಅದಕ್ಕೆಂದೇ ಮುಂಬಯಿಯಿಂದ ನೀರೊಳಗೆ ನೋಡುವ ಕನ್ನಡಕ ತರಿಸಿ, ಬಚ್ಚಲ ಹಂಡೆಯಲ್ಲಿ ದಿನಾ ಮುಖ ಅದ್ದುತ್ತಾರೆ. ಆದರೆ ಹೋಗುವುದೆಲ್ಲಿಗೆ, ರಾಮೇಶ್ವರಕ್ಕೋ, ಸಿಲೋನಿಗೋ, ಅಂಡಮಾನಿಗೋ? ಹತ್ತಿಯ ದರ ಕೇಳಲು ಬಂದ ರೈತರನ್ನೇ, "ಎಲ್ಲಿ ನೀರು ತಿಳಿ ಐತ್ರಿ?" ಎಂದು ಹಿಡಿದು ಕೂರಿಸುತ್ತಾರೆ. ಯಾರೋ ಒಬ್ಬರು ಪಕ್ಕದ ಸಾರಥಿ ಊರಿನ ಹಳ್ಳವೆಂದರೆ ಅದೂ ಪಟ್ಟಿಗೆ ಸೇರಿ ತಲೆ ಇನ್ನಷ್ಟು ಕೆಡುತ್ತದೆ. "ಮೊದ್ಲು ಹರಿಹರದ ಹೊಳೆಗಾದ್ರೂ ಇಳೀರಿ," ಎಂದು ಹೆಂಡತಿ ದ್ರಾಕ್ಷಾಯಣಮ್ಮ ಈ ಸಲ ಎಳೆದೊಯ್ದರು. ಬಕ್ಕೇಶಪ್ಪನವರು ಕನ್ನಡಕ ಏರಿಸಿ, ಇಲ್ಲೋ ಅಲ್ಲೋ ಎಂದು ದಡವೆಲ್ಲ ಅಲೆದು, ಕೊನೆಗೆ ಪಾದ ಮುಳುಗುವಷ್ಟು ನೀರಲ್ಲಿ ನಿಂತರು. ಹೆಂಡತಿಯ ಸೆರಗು ಅವರ ಮುಷ್ಟಿಯಲ್ಲಿ ಬಿಗಿಯಾಗಿತ್ತು. "ದ್ವೀಪದಾಗೂ ಹಿಂಗೇ ಹಿಡ್ಕಂಡು ನಿಂತ್ಕಬೋದಾ?" ಎಂದು ಮೆಲ್ಲಗೆ ಕೇಳಿದರು.